ಖಾಲಿ ಪಟ್ಟಿ, ತುಂಬಿದ ಡಬ್ಬಿ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಇಟ್ಟಿಗೆ ಗೂಡಿನ ಹಿಂದಿನ ಸಾಲುಮನೆಗಳ ಕೊನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮಾತ್ರೆಯಕ್ಕ ತಲೆ ತಗ್ಗಿಸಿ ಒಳಗೆ ಹೋಗುತ್ತಾಳೆ. ಹೆಗಲ ಚೀಲದಲ್ಲಿ ಬಿಪಿ ನೋಡುವ ಯಂತ್ರ, ರಬ್ಬರ್ ಬ್ಯಾಂಡ್ ಸುತ್ತಿದ ಮಾತ್ರೆ ಪಟ್ಟಿಗಳು. ಮಂಚದ ಮೇಲಿನ ಹೊಲಿಗೆಯಜ್ಜಿ ಕಣ್ಣು ಮಾತ್ರ ಹೊರಳಿಸುತ್ತಾಳೆ. ಅವಳ ಬಲಗೈ ಯಾರೋ ಮರೆತು ಇಟ್ಟುಹೋದ ಸಾಮಾನಿನ ಹಾಗೆ ಎದೆಯ ಮೇಲೆ ಬಿದ್ದಿದೆ.

ಮಾತ್ರೆಯಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಆ ಹೆಸರು ಹೇಳಿ ಕೇಳಿದರೆ ಊರಲ್ಲಿ ಯಾರೂ ಅವಳ ಮನೆ ತೋರಿಸುವುದಿಲ್ಲ. ಆರೋಗ್ಯ ಕೇಂದ್ರದಿಂದ ಬಿಪಿ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತಂದು ಮನೆಮನೆಗೆ ಮುಟ್ಟಿಸುವುದು ಅವಳ ಕೆಲಸ. ತಡವಾದರೆ ಗೂಡಿನ ಜನ ಕೈಗೆ ಸಿಗುವುದಿಲ್ಲ. ಸಿಕ್ಕವರದೂ ಒಂದೇ ಮಾತು: ನೋವಿಲ್ಲ, ನರಳಾಟವಿಲ್ಲ, ಯಾಕೆ ನುಂಗಬೇಕು?

“ನೋವಿಲ್ಲದ ಕಾಯಿಲೆಗೆ ಮದ್ದು ಕೊಡೋದು ಅಂದ್ರೆ ಹಸಿವಿಲ್ಲದ ಮಗೂಗೆ ಉಣ್ಣಿಸಿದ ಹಾಗೆ,” ಎನ್ನುತ್ತಾಳೆ. “ಬಾಯಿ ತೆರೆಸೋದ್ರಲ್ಲೇ ನನ್ನ ಅರ್ಧ ಆಯಸ್ಸು ಹೋಯ್ತು.”

ಅದಕ್ಕೇ ಅವಳೊಂದು ಕಟ್ಟಳೆ ಮಾಡಿದ್ದಳು. ಖಾಲಿ ಪಟ್ಟಿ ಕೊಟ್ಟವರಿಗಷ್ಟೇ ಹೊಸ ಪಟ್ಟಿ. ಗುಜರಿ ಅಂಗಡಿ ಇಟ್ಟಿದ್ದಾಳೆಂದು ಜನ ಆಡಿಕೊಂಡರು. ಹೊಲಿಗೆಯಜ್ಜಿ ಮಾತ್ರ ತಿಂಗಳು ತಪ್ಪದೆ ಖಾಲಿ ಪಟ್ಟಿಗಳನ್ನು ಒಪ್ಪವಾಗಿ ಜೋಡಿಸಿ ಕೊಡುತ್ತಿದ್ದಳು. ಅವಳನ್ನು ನೋಡಿ ಕಲಿಯಿರಿ ಎಂದು ಮಾತ್ರೆಯಕ್ಕ ಮಿಕ್ಕ ಮನೆಗಳಲ್ಲಿ ಹೇಳಿದ್ದೂ ಉಂಟು. ಆದರೂ ಅಜ್ಜಿಯ ಬಿಪಿ ಇಳಿಯಲಿಲ್ಲ. ವೈದ್ಯರು ಮಾತ್ರೆ ಹೆಚ್ಚಿಸಿದರು.

ಕಳೆದ ಚಳಿಗಾಲದಲ್ಲಿ, ಸೂಜಿಗೆ ದಾರ ಪೋಣಿಸುತ್ತಿದ್ದ ಹಾಗೇ ಅಜ್ಜಿ ಪಕ್ಕಕ್ಕೆ ವಾಲಿದಳು. ಲಕ್ವ. ಒಂದು ಮಗ್ಗುಲು ಹೋಯಿತು, ಮಾತೂ ಹೋಯಿತು. ಅವಳನ್ನು ಆಸ್ಪತ್ರೆಯಿಂದ ಕರೆತಂದ ಮೇಲೆ ಸೊಸೆ ಗಂಡನ ಅಂಗಿಗೆ ಗುಂಡಿ ಹುಡುಕಲೆಂದು ಅತ್ತೆಯ ಗುಂಡಿ ಡಬ್ಬಿ ಮಗುಚಿದಳು. ಗುಂಡಿಗಳಿಗಿಂತ ಮಾತ್ರೆಗಳೇ ಹೆಚ್ಚು ಬಿದ್ದವು. ಗಾಳಿ ತಾಕಿ ಅರ್ಧಕ್ಕರ್ಧ ಪುಡಿಯಾಗಿದ್ದವು. ಯಾಕತ್ತೆ ಹೀಗೆ ಮಾಡಿದಿರಿ ಎಂದು ಕೇಳಿದರೆ, ಅಜ್ಜಿ ಎಡಗೈ ಎತ್ತಿ ಮಗನತ್ತ ತೋರಿಸಿದಳು.

ಅಜ್ಜಿಯ ಗಂಡ ಗೂಡಿನ ಬಾಯಲ್ಲೇ ಎದೆ ಹಿಡಿದುಕೊಂಡು ಕುಸಿದು ಸತ್ತವನು. ಮಗನದೂ ಅದೇ ಮೈಕಟ್ಟು, ಅದೇ ಸಿಟ್ಟು. ಹಿಂದೊಮ್ಮೆ ಕೇಂದ್ರದಲ್ಲಿ ದಾಸ್ತಾನು ಮುಗಿದು ಮಾತ್ರೆಯಕ್ಕ ಬರಿಗೈಯಲ್ಲಿ ಬಂದಿದ್ದಳು. ಮಗನಿಗೆ ಬೇಕಾದಾಗಲೂ ಹೀಗೇ ಆದರೆ ಗತಿಯೇನೆಂದು ಅಜ್ಜಿ ತನ್ನ ಪಾಲನ್ನು ಎತ್ತಿಟ್ಟಿದ್ದಳು.

“ಖಾಲಿ ಪಟ್ಟಿ ಕೇಳಿದೋಳು ನಾನು,” ಎನ್ನುತ್ತಾಳೆ ಮಾತ್ರೆಯಕ್ಕ. “ಅವ್ರು ಖಾಲಿ ಪಟ್ಟೀನೇ ಕೊಟ್ರು.”

ಈಗ ಅವಳು ಪಟ್ಟಿ ಕೇಳುವುದಿಲ್ಲ. ಹೋದ ಮನೆಯಲ್ಲೆಲ್ಲ ನುಂಗುವ ತನಕ ನಿಲ್ಲುತ್ತಾಳೆ. ಇವತ್ತು ಅಜ್ಜಿಯ ಮಗನ ತೋಳಿಗೂ ಬಿಪಿ ಯಂತ್ರದ ಪಟ್ಟಿ ಸುತ್ತಿ ನೋಡುತ್ತಾಳೆ. ಹೋದ ಸಲಕ್ಕಿಂತ ಏರಿದೆ. ಅವನಿಗೆ ಬರೆದುಕೊಟ್ಟ ಮಾತ್ರೆ ಗೋಡೆಯ ಗೂಡಿನಲ್ಲಿ, ಕನ್ನಡಿಯ ಹಿಂದೆ, ಮುಟ್ಟದೆ ಕೂತಿದೆ.

“ಗುಂಡುಕಲ್ಲಿನ ಹಾಗಿದ್ದೀನಿ ನೋಡಕ್ಕ. ಒಂದ್ಸಲ ಶುರು ಮಾಡಿದ್ರೆ ಸಾಯೋವರೆಗೂ ಬಿಡೋ ಹಾಗಿಲ್ವಂತೆ.”

“ಉಸಿರೂ ಅಷ್ಟೇ ಅಲ್ವೇನಪ್ಪ. ಶುರು ಮಾಡಿದೋನು ಬಿಟ್ಟಿದ್ದೀಯಾ?”

ಅವನು ನಕ್ಕು ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲತ್ತ ನಡೆಯುತ್ತಾನೆ. ಸೊಸೆ ಅತ್ತೆಯನ್ನು ಎತ್ತಿ ಕೂರಿಸಿ, ಅರೆದ ಮಾತ್ರೆಯ ಚಮಚ ತುಟಿಗೆ ಹಿಡಿಯುತ್ತಾಳೆ. ಅಜ್ಜಿ ಬಾಯಿ ತೆರೆಯುವುದಿಲ್ಲ. ಮತ್ತೆ ಹಿಡಿದರೂ ಇಲ್ಲ. ಎಡಗೈ ಮೆಲ್ಲಗೆ ಏಳುತ್ತದೆ, ಮಗನತ್ತ ತಿರುಗಿ ಹಾಗೇ ನಿಲ್ಲುತ್ತದೆ. ಇಳಿಯುವುದಿಲ್ಲ.

ಅವನು ಬಾಗಿಲಿನಿಂದ ವಾಪಸು ಬರುತ್ತಾನೆ. ಕನ್ನಡಿಯ ಹಿಂದಿನಿಂದ ಪಟ್ಟಿ ತೆಗೆದು ಒಂದು ಮಾತ್ರೆ ಒತ್ತಿ, ನೀರು ಕುಡಿದು, ಅವ್ವನ ಮುಂದೆ ಬಗ್ಗಿ ಬಾಯಿ ಅಗಲಿಸಿ ತೋರಿಸುತ್ತಾನೆ. ಆಮೇಲೆ ಅಜ್ಜಿಯ ಸೊಟ್ಟ ತುಟಿ ತೆರೆಯುತ್ತದೆ. ಅರ್ಧ ನೀರು ಕೆನ್ನೆಗಿಳಿಯುತ್ತದೆ. ಸೊಸೆ ಒರೆಸುತ್ತಾಳೆ.

ಅಂಗಳದಲ್ಲಿ ಮಾತ್ರೆಯಕ್ಕ ಮಂಡಿ ಹಿಡಿದುಕೊಂಡು ಚಪ್ಪಲಿ ಮೆಟ್ಟುತ್ತಾಳೆ. ಮುಂದಿನ ತಿಂಗಳ ಮಾತ್ರೆ ಕೇಂದ್ರಕ್ಕೆ ಇನ್ನೂ ಬಂದಿಲ್ಲ. ಈ ಮನೆಯಲ್ಲಿ ಆ ಮಾತನ್ನು ಅವಳು ಎತ್ತುವುದಿಲ್ಲ. ನಿಮಗೇನು ಆಸೆ ಎಂದು ಕೇಳಿದರೆ, ಚೀಲವನ್ನು ಹೆಗಲಿಗೇರಿಸಿಕೊಳ್ಳುತ್ತಾಳೆ.

“ನಂಗೇನಾಸೆ? ಗುಂಡಿ ಡಬ್ಬೀಲಿ ಗುಂಡಿ ಇರ್ಲಿ. ಅಷ್ಟು ಸಾಕು.”