ಕುರ್ಚಿಯಾದ ಕೌದಿ

ಹಲ್ಲಿನ ಡಾಕ್ಟರ ಬಳಿ ಪಾಳಿ ಕಾಯುವ ಮನುಷ್ಯ ಎದುರಿಗೆ ಏನು ಸಿಕ್ಕರೂ ಓದುತ್ತಾನೆ. ಇವತ್ತು ಬೆಳಿಗ್ಗೆ ಶಿರಸಿಯಲ್ಲಿ ನಾನೂ ಕೆನ್ನೆ ಹಿಡಿದುಕೊಂಡು ಒಂದು ನುಣುಪು ಹಾಳೆಯ ಮಾಸಪತ್ರಿಕೆ ತೆರೆದೆ. ಪುಟದ ತುಂಬ ಒಬ್ಬ ಸಪೂರ ಹುಡುಗಿ, ಜಗತ್ತಿನ ಮೇಲೆಲ್ಲ ಮುನಿಸಿಕೊಂಡ ಮುಖ, ಮೈಮೇಲೆ ತೇಪೆ ತೇಪೆಯ ಜಾಕೆಟ್. ಎದೆಯ ಮೇಲಿನ ನೀಲಿ ಗೆರೆಯ ತುಂಡು ನೋಡಿ ಹಲ್ಲುನೋವು ಮರೆತೇ ಹೋಯಿತು. ಅದು ತೀರಿಹೋದ ನಮ್ಮ ಕಾಕನ ಅಂಗಿ.

ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ತಿಕ್ಕಲಾಗಿ ಕಂಡೀತು. ಕಾಕನ ಹೆಂಡತಿ, ದಾಸನಕೊಪ್ಪದ ನನ್ನ ಚಿಗವ್ವ, ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಮಗಳು ಸುಮಾ ಬಸುರಿಯಾದಾಗ ಬಾಣಂತನಕ್ಕೆಂದು ಹಳೆ ಸೀರೆ, ಧೋತರ, ಕಾಕನ ಕೊನೆಯ ಅಂಗಿ ಎಲ್ಲ ಕೂಡಿಸಿ ಒಂದು ಕೌದಿ ಹೊಲಿದಳು. ಅಜ್ಜನ ಅಂಗಿಯ ಮೇಲೆ ಕೂಸು ಮಲಗಬೇಕೆಂಬುದು ಅವಳ ಆಸೆ. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಚೂರು ರೊಟ್ಟಿ ಇಟ್ಟಳು. ಹಸಿದ ಕೌದಿ ಮಲಗಿದವರ ನಿದ್ದೆ ತಿನ್ನುತ್ತದಂತೆ. ಇದನ್ನು ನಂಬುತ್ತೀರಾ ಎಂದು ನನ್ನನ್ನು ಕೇಳಬೇಡಿ. ಆ ಮನೆಯಲ್ಲಿ ಬಂದಷ್ಟು ನಿದ್ದೆ ನನಗೆ ಎಲ್ಲೂ ಬಂದಿಲ್ಲ.

ಆಗ ಬಂದ ಬೆಂಗಳೂರಿನ ಕಲಾವಿದ. ಬಟ್ಟೆ ವಿನ್ಯಾಸ ಮಾಡುತ್ತಿದ್ದ, ಕುರ್ಚಿ ಮಾಡುತ್ತಿದ್ದ, ಎರಡರ ಫೋಟೋವನ್ನೂ ತಾನೇ ತೆಗೆಯುತ್ತಿದ್ದ. ಶಿರಸಿಯಲ್ಲೊಂದು ಫರ್ನಿಚರ್ ಶೆಡ್ ಇಟ್ಟುಕೊಂಡು ಒಂದೇ ಕಸುಬಿನಲ್ಲಿ ಏಗುವ ನನಗೆ ಮೊದಲು ಗೌರವವೇ ಬಂತು. ಬಿಸಿಲಿಗೆ ಹಾಕಿದ್ದ ಕೌದಿ ಕಂಡು, ಫೋಟೋ ತೆಗೆದು ಎರಡು ದಿನದಲ್ಲಿ ತಂದುಕೊಡುತ್ತೇನೆಂದು ಒಯ್ದ. ಬಂದದ್ದು ತಿಂಗಳ ಮೇಲೆ, ಕಾರಿನಲ್ಲಿ ಕುರ್ಚಿ ಹೇರಿಕೊಂಡು. ನಾನೂ ಅಲ್ಲಿದ್ದೆ.

“ಅಮ್ಮಾ, ನಿಮ್ಮ ಕೌದಿಗೆ ಹೊಸ ಜೀವ ಕೊಟ್ಟಿದ್ದೇನೆ,” ಎಂದ. “ಒಳಗೆ ಒಣ ರೊಟ್ಟಿ ಇತ್ತು. ಇಲಿ ತಂದಿಟ್ಟಿರಬೇಕು, ತೆಗೆದು ಎಸೆದೆ.”

ಸೀಟಿಗೂ ಬೆನ್ನಿಗೂ ಕೌದಿಯ ತುಂಡು ಹೊಡೆದಿದ್ದ ಆ ಕುರ್ಚಿಯ ಸುತ್ತ ಚಿಗವ್ವ ಬಂದು ನೋಡಿದಳು. “ಉಳದದ್ದು ಎಲ್ಲಿ?”

“ಜಾಕೆಟ್ ಆಯಿತು.”

“ಬಾಣಂತಿಗೆ ಹಾಸಾಕ ಇಟ್ಟಿದ್ದೆ ನಾ. ಕೂಸನ್ನ ಈಗ ಕುರ್ಚಿ ಮ್ಯಾಲೆ ಮಲಗಸಲೇನ್ರಿ?”

ಅವನಿಗೆ ಅದು ತಮಾಷೆ ಅನಿಸಿತು. ಕ್ಯಾಮೆರಾ ತೆಗೆದು, ಕುರ್ಚಿಯಲ್ಲಿ ಕೂತು ಸ್ವಲ್ಪ ನಗಿ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಉರಿಯಲು ಇನ್ನೊಂದು ಕಾರಣವೂ ಇತ್ತು: ಕುರ್ಚಿ ಚೆನ್ನಾಗಿತ್ತು. ನನ್ನ ಶೆಡ್ಡಿನಿಂದ ಅಂಥದೊಂದು ಇವತ್ತಿಗೂ ಹೊರಬಿದ್ದಿಲ್ಲ. ಇಷ್ಟು ಒಳ್ಳೆ ಕೈ ಇದ್ದವನು ಕತ್ತರಿ ಇಡುವ ಮೊದಲು ಒಂದು ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಕುರ್ಚಿ ಬಿಟ್ಟು ಹೊರಟ ಅವನ ಕಾರು ತಿರುವು ದಾಟುವ ಮೊದಲೇ ಚಿಗವ್ವ “ಬಿಚ್ಚೋ ಇದನ್ನ,” ಎಂದಳು. ಮೊಳೆ ಕಿತ್ತು ಬಟ್ಟೆ ಬಿಡಿಸಿದೆ. ಅದರಲ್ಲಿ ಕೂಸಿಗೆ ಸಾಲುವ ಪುಟ್ಟ ಕೌದಿಯಾಯಿತು. ಕಾಕನ ಅಂಗಿ ಮಾತ್ರ ಅದರಲ್ಲಿ ಇರಲಿಲ್ಲ.

ಈಗ ಇಲ್ಲಿ ಸಿಕ್ಕಿತು. ಚಿತ್ರದ ಕೆಳಗೆ ಕಲಾವಿದನ ಹೆಸರಿದೆ, ಜಾಕೆಟ್ಟಿಗೂ ಒಂದು ಹೆಸರಿದೆ. ಕೌದಿ ಹೊಲಿದವರು ‘ಅಜ್ಞಾತ ಗ್ರಾಮೀಣ ಮಹಿಳೆ’ ಅಂತೆ. ಅಜ್ಞಾತ! ಅವಳ ಕಟ್ಟೆಯ ಮೇಲೆ ಕೂತು ಅವಳು ಕೊಟ್ಟ ಚಹಾ ಕುಡಿದವನಿಗೆ!

ಚಿಗವ್ವನಿಗೆ ಫೋನ್ ಮಾಡಿ ಹೇಳಿದೆ.

“ಅಂಗಿ ಚಂದಾಗಿ ಕಾಣ್ತದೇನೋ?”

“ಕಾಣ್ತದ. ಗುಂಡಿಪಟ್ಟಿ ಸೈತ ಕಾಣ್ತದ.”

“ಹಂಗಾದ್ರ ಆ ಹಾಳಿ ಹರ್ಕೊಂಡ್ ಬಾ.”

ಸದ್ದಾಗದಂತೆ ಹರಿಯಬಹುದಿತ್ತು. ನಾನು ಪರ್ರನೆ ಹರಿದೆ. ಕೌಂಟರಿನ ಹುಡುಗಿ “ಸರ್, ಅದು ನಮ್ಮ ಪುಸ್ತಕ!” ಎಂದು ಕೂಗಿದಳು.

“ಪುಸ್ತಕ ನೀವೇ ಇಟ್ಕೊಳ್ರಿ,” ಎಂದೆ. “ಅಂಗಿ ನಮ್ಮ ಕಾಕಂದು.”