ಹಜಾರದ ನೆಲದಲ್ಲಿ ಅಂಗಾತ ಮಲಗಿದ ದೊಡ್ಡಮ್ಮ

ಗೆಳೆಯರೇ, ಮ್ಯೂಸಿಯಂನಲ್ಲಿ ಏನನ್ನೂ ಮುಟ್ಟಬಾರದೆಂದು ಬೋರ್ಡು ಹಾಕಿರುತ್ತಾರೆ. ಮಲಗಬಾರದೆಂದು ಎಲ್ಲೂ ಬರೆದಿರುವುದಿಲ್ಲ. ಇವತ್ತು ನಾವು ಬಚಾವಾದದ್ದು ಅದರಿಂದಲೇ.

ಕೋಲಾರದ ಹಳೆಯ ಕಲಾ ಮ್ಯೂಸಿಯಂಗೆ ದೊಡ್ಡಮ್ಮನನ್ನು ಕರೆದೊಯ್ದಿದ್ದೆ. ಶಿವಾರಪಟ್ಟಣದಲ್ಲಿ ಅವರದು ವಿಗ್ರಹ ಕೆತ್ತುವ ಮನೆ. ನಾನು ಗೋಡೆಯ ಚಿತ್ರಗಳನ್ನು ನೋಡಿ ತಿರುಗುವಷ್ಟರಲ್ಲಿ ಅವರು ಹಜಾರದ ನಡುವೆ ಅಂಗಾತ ಮಲಗಿದ್ದರು. ತಲೆ ಸುತ್ತಿ ಬಿದ್ದರೆಂದುಕೊಂಡು ಗಾರ್ಡ್ ಓಡಿಬಂದವನೇ ಮುಖಕ್ಕೆ ನೀರು ಚಿಮುಕಿಸಿಬಿಟ್ಟ.

“ಏನಯ್ಯ ಇದು? ಮೇಲ್ಗಡೆ ಕೆತ್ತನೆ ಕೆಲಸ ನೋಡ್ತಿದೀನಿ ಕಣಯ್ಯ!”

“ಅಯ್ಯೋ ದೇವುಡಾ! ನಿಂತ್ಕೊಂಡು ನೋಡಮ್ಮ!”

“ನಮ್ಮನೇಲಿ ಕಲ್ಲನ್ನ ಮಲಗಿಸಿ ಕೆತ್ತೋದು, ನಾವು ಬಗ್ಗಿ ನೋಡೋದು. ಇಲ್ಲಿ ಕಲ್ಲು ಮೇಲಿದೆ, ನಾವೇ ಮಲಗ್ಬೇಕು.”

ನಾನೂ ಪಕ್ಕದಲ್ಲಿ ಮಲಗಿದೆ. ಕಂಬಗಳಿಂದ ಹತ್ತಿದ ಕಲ್ಲಿನ ಬಳ್ಳಿಗಳೆಲ್ಲ ಛಾವಣಿಯ ಕಮಲಕ್ಕೆ ಹೋಗಿ ಸೇರಿದ್ದವು. ಬಣ್ಣದ ಗಾಜಿನಿಂದ ಬಂದ ಬಿಸಿಲಿಗೆ ಒಂದು ದಳ ಕೆಂಪು, ಇನ್ನೊಂದು ಹಸಿರು. ಕಮಲದ ಒಳಗಡೆ ಪುಟ್ಟ ಹಂಸವೊಂದು ಕತ್ತು ಇಳಿಬಿಟ್ಟು ನಮ್ಮನ್ನೇ ನೋಡುತ್ತಿತ್ತು. “ದೊಡ್ಡಮ್ಮ, ಅಲ್ಲೊಂದು ಹಂಸ!” ಎಂದೆ.

“ಹಂಸಾನಾ? ಎಲ್ಲಿದೆ ಸಾರ್? ದಿನಾ ಇಲ್ಲೇ ನಿಂತಿರ್ತೀನಿ, ನಂಗೆ ಕಂಡೇ ಇಲ್ವಲ್ಲ!” ಎಂದ ಗಾರ್ಡ್.

ದೊಡ್ಡಮ್ಮ ಸರಿದು ಜಾಗ ಕೊಟ್ಟರು. ಅವನು ಟೋಪಿ ತೆಗೆದು ಎದೆಯ ಮೇಲಿಟ್ಟುಕೊಂಡು ಮಲಗಿದ. “ಅಬ್ಬಬ್ಬಾ!” ಎಂದ.

ಅಷ್ಟರಲ್ಲಿ ಅವನ ಮೇಲಧಿಕಾರಿ ಒಳಗಿನಿಂದ ಬಂದರು. ಸಾಲಾಗಿ ಮಲಗಿದ್ದ ನಮ್ಮ ಮೂವರನ್ನೂ ಕಂಡು ಗಾಬರಿಯಾಗಿ, ನೀರಿನ ಬಾಟಲಿ ಹುಡುಕತೊಡಗಿದರು.