ಸೂರ್ಯನಿಲ್ಲದ ಕಡೆಗೆ ಹೋದ ವೇದತ್ತೆ

ನಮ್ಮ ರಾಮಸ್ವಾಮಿ ಮಾವನಿಗೆ ಆಕಾಶದಲ್ಲಿ ನಡೆಯುವುದೆಲ್ಲ ಗೊತ್ತಿತ್ತು, ಸ್ವಂತ ಅಡುಗೆಮನೆಯಲ್ಲಿ ನಡೆಯುವುದು ಮಾತ್ರ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವರ ಮನೆ. ಗ್ರಹಣ ಬಂದರೆ ಬೀದಿಯವರನ್ನೆಲ್ಲ ಮಹಡಿಗೆ ಹತ್ತಿಸಿ, ಮಸಿ ಹಿಡಿಸಿದ ಗಾಜು ಕೊಟ್ಟು ತೋರಿಸುತ್ತಿದ್ದರು. ಅದೇ ಹೊತ್ತಿಗೆ ಕೆಳಗೆ ಅವರ ಹೆಂಡತಿ ವೇದವತಿ ನೀರಿನ ಪಾತ್ರೆಗಳಿಗೆ ದರ್ಭೆ ಹಾಕುತ್ತಾ ಓಡಾಡುತ್ತಿದ್ದಳು. ಅವಳು ನಮ್ಮಪ್ಪನ ತಂಗಿ, ನನ್ನನ್ನು ಎತ್ತಿ ಆಡಿಸಿದವಳು. ವೇದತ್ತೆಗೆ ನಾನು ಬಹುವಚನ ಹಚ್ಚಿದ್ದೇ ಇಲ್ಲ. ಗಂಡ ಹೆಂಡತಿ ಒಬ್ಬರ ತಂಟೆಗೆ ಒಬ್ಬರು ಹೋಗುತ್ತಿರಲಿಲ್ಲವಾದ್ದರಿಂದ ಜನ ಅವರದು ಬಹಳ ಅನ್ಯೋನ್ಯ ಎನ್ನುತ್ತಿದ್ದರು. ನನಗೇನೋ ಹಾಗೆ ಅನ್ನಿಸುತ್ತಿರಲಿಲ್ಲ.

ಅತ್ತೆಗೆ ಒಂದು ಹರಕೆ ಇತ್ತು. ಒಬ್ಬನೇ ಮಗ ಸುಂದರೇಶ ಮೂರು ವರ್ಷದವನಿದ್ದಾಗ ವಿಷಮಶೀತ ಜ್ವರ ಬಂದು, ಡಾಕ್ಟರು ಕೈಚೆಲ್ಲಿ, ಮನೆಯವರೆಲ್ಲ ಮಗುವಿನ ಮುಖ ನೋಡಲಾರದೆ ಹಜಾರಕ್ಕೆ ಬಂದು ಕೂತಿದ್ದರಂತೆ. ಬೆಳಕು ಹರಿಯುತ್ತಿತ್ತು. ಅತ್ತೆ ಕಿಟಕಿಯ ಕಡೆ ತಿರುಗಿ, ‘ಇವನನ್ನು ಉಳಿಸಿಕೊಡು, ನಾನಿರುವ ತನಕ ನಿನ್ನ ಮುಖ ನೋಡದೆ ಅನ್ನ ಮುಟ್ಟುವುದಿಲ್ಲ’ ಎಂದು ಸೂರ್ಯನಿಗೆ ಮಾತು ಕೊಟ್ಟಳು. ಹುಡುಗ ಉಳಿದ. ಆಮೇಲೆ ಪುಂಡನಾಗಿ ಬೆಳೆದು ಸೈಕಲ್ಲಿನಿಂದ ಬಿದ್ದು ಹಲ್ಲು ಮುರಿದುಕೊಂಡ. ಅದು ಸೂರ್ಯನ ಜವಾಬ್ದಾರಿಗೆ ಸೇರಿದ್ದಲ್ಲ.

ಮೈಸೂರಿನಲ್ಲಿ ಈ ಹರಕೆ ನಡೆಸುವುದು ಕಷ್ಟವೇ ಆಗಿರಲಿಲ್ಲ. ಎಂಥ ಆಷಾಢದಲ್ಲೂ ಮೋಡದ ಸಂದಿಯಿಂದ ಒಮ್ಮೆಯಾದರೂ ಸೂರ್ಯ ಹಣಿಕಿ ಹಾಕುತ್ತಾನೆ. ತಡವಾದ ದಿನ ಅತ್ತೆ ಕಾಫಿ ಕುಡಿದು ಕಾಯುತ್ತಿದ್ದಳು. ಕಾಫಿಗೆ ನಮ್ಮೂರಿನಲ್ಲಿ ಯಾವ ವ್ರತವೂ ಅಡ್ಡ ಬರುವುದಿಲ್ಲ. ಮಾವ ಹೊತ್ತಿಗೆ ಸರಿಯಾಗಿ ಉಂಡು, ಕೋಟು ಹಾಕಿಕೊಂಡು, ಕಾಲೇಜಿಗೆ ಹೊರಟುಬಿಡುತ್ತಿದ್ದರು. ಅವರ ಬೆನ್ನ ಹಿಂದೆ ಹೆಂಡತಿ ಎಷ್ಟು ಹೊತ್ತಿಗೆ ಉಣ್ಣುತ್ತಾಳೆ, ಏನು ಉಣ್ಣುತ್ತಾಳೆ ಎಂಬುದು ಅವರ ಪಠ್ಯದಲ್ಲಿ ಇರಲಿಲ್ಲ. ಹರಕೆಯ ವಿಷಯ ಎಂದೋ ಕೇಳಿದ್ದರು, ಎಂದೋ ತೀರಿತು ಅಂದುಕೊಂಡಿದ್ದರು.

ಐವತ್ತೇಳನೇ ಇಸವಿಯಲ್ಲಿ ಮಾವನಿಗೆ ನಾರ್ವೆ ದೇಶದಿಂದ ಒಂದು ವರ್ಷದ ಕರೆ ಬಂತು. ಉತ್ತರ ಧ್ರುವದ ಹತ್ತಿರ ಆಕಾಶದಲ್ಲಿ ತಾನೇ ತಾನಾಗಿ ಹೊತ್ತಿಕೊಳ್ಳುವ ಬಣ್ಣದ ಬೆಳಕಿನ ಬಗ್ಗೆ ಅವರಿಗೆ ಚಿಕ್ಕಂದಿನಿಂದ ಹುಚ್ಚು. ಅಲ್ಲಿನವರು ಅದನ್ನೇ ಅಳೆಯುತ್ತಿದ್ದರು. ಹೆಂಡತಿಯನ್ನೂ ಕರೆತರಬಹುದು ಎಂದಿದ್ದರಿಂದ ಸುಂದರೇಶನನ್ನು ನಮ್ಮ ಮನೆಯಲ್ಲಿ ಬಿಟ್ಟು ಇಬ್ಬರೂ ಹೊರಟರು. ಅತ್ತೆ ಹುರಿಹಿಟ್ಟು, ಚಟ್ನಿಪುಡಿ, ಕೋಡುಬಳೆ ಕಟ್ಟಿಕೊಂಡಳು. ಹೊರಡುವ ಮೊದಲು ಒಂದೇ ಒಂದು ಮಾತು ಕೇಳಿದಳು, ನನ್ನೆದುರಿಗೇ.

“ಅಲ್ಲಿ ಬಿಸಿಲು ಇರುತ್ತೇನ್ರೀ?”

“ಕಡಿಮೆ ಕಣೇ. ಎರಡು ಸ್ವೆಟರ್ ಇಟ್ಕೋ.”

ಅಷ್ಟೇ ಮಾತು. ಅವಳು ಯಾಕೆ ಕೇಳಿದಳು ಎಂದು ಮಾವ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನಾರ್ವೆಯಲ್ಲಿ ಅವರು ಇಳಿದುಕೊಂಡಿದ್ದ ಊರಿನಲ್ಲಿ ಚಳಿ ಏರಿದಂತೆ ಸೂರ್ಯ ಎದುರುಮನೆಯ ಸೂರು ಬಿಟ್ಟು ಮೇಲೇಳುತ್ತಲೇ ಇರಲಿಲ್ಲವಂತೆ. ಮಾವ ಪ್ರಯೋಗಶಾಲೆಗೆ ಹೋದ ಮೇಲೆ ಅತ್ತೆ ಶಾಲು ಹೊದ್ದು ಬೀದಿಯ ತುದಿಯವರೆಗೆ ಹಿಮದಲ್ಲಿ ಓಡಿ, ಎರಡು ಮನೆಗಳ ನಡುವೆ ಅವನು ಕಂಡ ಗಳಿಗೆಯಲ್ಲಿ ಕೈಮುಗಿದು ಬಂದು ಉಣ್ಣುತ್ತಿದ್ದಳು. ಮೋಡವಾದ ದಿನ ಉಪವಾಸ. ಸೊರಗಿದ್ದಾಳೆ ಎಂದು ಮಾವನಿಗೂ ಕಂಡಿತು. ಚಳಿಗೆ ಹಾಗಾಗುತ್ತದೆ ಎಂದು ತಾವೇ ತೀರ್ಮಾನಿಸಿ, ಹವಾ ಬದಲಾಗಲಿ ಎಂದು ಡಿಸೆಂಬರಿನಲ್ಲಿ ಅವಳನ್ನು ಹಡಗು ಹತ್ತಿಸಿದರು. ಕರಾವಳಿಗುಂಟ ಉತ್ತರಕ್ಕೆ, ಆ ಬೆಳಕು ಕಾಣುವ ಕಡೆಗೆ ಹೋಗಿ ಬರುವ ಹಡಗು. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಮಾವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಕತ್ತಲು ಹೆಚ್ಚಿದಷ್ಟೂ ನೋಡಲು ಅನುಕೂಲ ಎಂದು ಕುಣಿದಾಡುತ್ತಿದ್ದರು.

ಹಡಗಿನಲ್ಲಿ ಊಟದ ಮನೆ ಒಂದೇ. ಪ್ರತಿಯೊಬ್ಬರಿಗೂ ಗೊತ್ತಾದ ಕುರ್ಚಿ. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ಗಂಡ ಹೆಂಡತಿ ಮೊದಲ ಸಲ ಎದುರುಬದುರು ಊಟಕ್ಕೆ ಕೂತರು. ಹಾಗಾಗಿಯೇ ಮಾವನ ಕಣ್ಣಿಗೆ ಬಿತ್ತು. ಮೊದಲ ದಿನ ದೂರದಲ್ಲಿ ಚೂರು ಸೂರ್ಯ ಕಂಡಿದ್ದ, ಅತ್ತೆ ಆಲೂಗೆಡ್ಡೆ ಬ್ರೆಡ್ಡು ತಿಂದಳು. ಆಮೇಲೆ ತಟ್ಟೆ ಮುಟ್ಟಲಿಲ್ಲ. ಸಮುದ್ರದ ವಾಕರಿಕೆ ಇರಬೇಕು ಎಂದು ಮಾವ ನಿಂಬೆಹಣ್ಣು ತರಿಸಿಕೊಟ್ಟರು. ಮರುದಿನವೂ ಮುಟ್ಟಲಿಲ್ಲ. ಅದರ ಮರುದಿನ ಗದರಿ ಕೇಳಿದಾಗ ಅತ್ತೆ ಮೆಲ್ಲಗೆ, “ಇಲ್ಲಿ ಅವನು ಯಾವಾಗ ಹುಟ್ತಾನ್ರೀ?” ಎಂದಳು.

“ಯಾರು?”

“ಸೂರ್ಯ.”

ಮಾವನಿಗೆ ಆಗ ಹರಕೆಯ ಜ್ಞಾಪಕ ಬಂತು. ಕೈಯಲ್ಲಿದ್ದ ಚಮಚ ಕೆಳಗಿಟ್ಟುಬಿಟ್ಟರಂತೆ. ಅಲ್ಲಿ ಸೂರ್ಯ ಹುಟ್ಟಬೇಕಾದರೆ ಇನ್ನೂ ತಿಂಗಳು ಕಳೆಯಬೇಕಿತ್ತು. ಹಡಗು ಇನ್ನೂ ಉತ್ತರಕ್ಕೇ ಹೋಗುತ್ತಿತ್ತು. ತುದಿ ಮುಟ್ಟಿ, ತಿರುಗಿ, ಸೂರ್ಯನಿರುವ ಕಡೆಗೆ ಬರಲು ಎಷ್ಟೋ ದಿನ. ಇಳಿದರೂ ಅದೇ ಕತ್ತಲು. ಕ್ಯಾಪ್ಟನ್ನನ ಹತ್ತಿರ ಓಡಿ, ತಿರುಗಿಸಲಾಗುತ್ತದೆಯೇ ಎಂದು ಕೇಳಿದರು. ಆತ ಸಭ್ಯನಿರಬೇಕು, ನಗಲಿಲ್ಲ. ಟಪಾಲು ಹೊತ್ತ ಹಡಗು, ಆಗುವುದಿಲ್ಲ ಎಂದ.

ಮಧ್ಯಾಹ್ನದ ಹೊತ್ತಿಗೆ ದಕ್ಷಿಣದ ಅಂಚಿನಲ್ಲಿ ಕೆಂಪು ಕಾಣುತ್ತಿತ್ತು. ಮಾವ ಅವಳನ್ನು ಮೇಲೆ ಕರೆದೊಯ್ದು ತೋರಿಸಿದರು. “ಅದೇ ಅವನು. ಸ್ವಲ್ಪ ಕೆಳಗಿದ್ದಾನೆ, ಅಷ್ಟೇ. ಸಾಲದೇನೇ?”

“ಮುಖ ಕಾಣ್ಲಿಲ್ವಲ್ಲ.”

“ಹಾಗಾದ್ರೆ ಆ ಹರಕೆ ನನಗೆ ಕೊಡು. ನಾನು ನಡೆಸ್ತೀನಿ, ನೀನು ಊಟ ಮಾಡು.”

“ಕೊಟ್ಟು ತಗೊಳ್ಳಕ್ಕೆ ಅದೇನು ಕಾಫಿಪುಡಿಯೇ? ಸುಮ್ನಿರಿ. ಹುಡುಗನ ಆಯಸ್ಸಿನ ಮಾತು.”

ಹುಡುಗನ ಹೆಸರು ಬಂದ ಮೇಲೆ ಮಾವನ ತರ್ಕವೆಲ್ಲ ಮುಗಿಯಿತು. ಸೂರ್ಯನಿಗೂ ಜ್ವರಕ್ಕೂ ಸಂಬಂಧವಿಲ್ಲ ಎಂದು ಕಾಲೇಜಿನಲ್ಲಾಗಿದ್ದರೆ ಗಂಟೆಗಟ್ಟಲೆ ಹೇಳುತ್ತಿದ್ದರು. ಆ ಚಳಿಯಲ್ಲಿ ಅವಳ ಎದುರು ಹೇಳಲಾಗಲಿಲ್ಲ. ತಾವೂ ಊಟ ಬಿಟ್ಟರು. ಇಬ್ಬರೂ ಹೊತ್ತುಹೊತ್ತಿಗೆ ಹೋಗಿ ಮೇಜಿನ ಮುಂದೆ ಬರಿದೇ ಕೂತು ಎದ್ದು ಬರುತ್ತಿದ್ದರಂತೆ. ಈ ಭಾಗ ಕೇಳಿದಾಗ ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಕಾಫಿಯಿಂದ ಎಷ್ಟು ದಿನ ಜೀವ ಹಿಡಿದುಕೊಳ್ಳುವುದು? ಒಂದು ದಿನ ಸಂಜೆ ಅತ್ತೆ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಳು. ಹಡಗಿನ ಡಾಕ್ಟರು ನಾಡಿ ನೋಡಿ, ಇವರಿಗೆ ರೋಗವಿಲ್ಲ, ಊಟ ಬೇಕು ಎಂದರು. ಅದು ಮಾವನಿಗೂ ಗೊತ್ತಿತ್ತು.

ಆಗಲೇ ಮೇಲೆ ಗದ್ದಲವಾಯಿತು. ಜನ ಕೋಟು ಸಿಕ್ಕಿಸಿಕೊಂಡು ಓಡುತ್ತಿದ್ದರು. ಮಾವ ಅತ್ತೆಗೆ ಕಂಬಳಿ ಸುತ್ತಿ, ತೋಳು ಹಿಡಿದು, ಮೇಲಕ್ಕೆ ತಂದು ಬೆಂಚಿನ ಮೇಲೆ ಕೂರಿಸಿದರು. ಆಕಾಶದ ತುಂಬ ಹಸಿರು. ಮಹಡಿಯ ಮೇಲೆ ಒಣಹಾಕಿದ ಸೀರೆ ಗಾಳಿಗೆ ಆಡುವಂತೆ ಆಡುತ್ತಿತ್ತು, ಅಂಚಿನಲ್ಲಿ ನೇರಳೆ. ಚಿಕ್ಕಂದಿನಿಂದ ಮಾವ ಕಾಯುತ್ತಿದ್ದದ್ದು ಅದಕ್ಕೇ. ಅವರು ತಲೆಯೆತ್ತಲೇ ಇಲ್ಲ. ಅತ್ತೆಯ ಮುಂದೆ ಮೊಣಕಾಲೂರಿ ಕೂತು, “ವೇದಾ, ಇದು ಸೂರ್ಯನದೇ ಕಣೇ. ನನ್ನಾಣೆ. ಅವನ ಮೈಯಿಂದ ಸಿಡಿದ ಕಣಗಳು ಇಷ್ಟು ದೂರ ಬಂದು ಹೀಗೆ ಉರೀತಾವೆ. ಅವನೇ ಬಂದಿದ್ದಾನೆ ಅಂದ್ಕೋ. ನೋಡು, ನೋಡಿ ಒಂದು ತುತ್ತು ತಿನ್ನು” ಎಂದು ಅತ್ತುಬಿಟ್ಟರು. ಅತ್ತೆ ತಲೆಯೆತ್ತಿ ನೋಡಿದಳು. ಗಂಡನನ್ನು ನೋಡಿದಳು. ಆಮೇಲೆ ಆಕಾಶಕ್ಕೆ ಕೈಮುಗಿದು, “ಹಾಗಾದ್ರೆ ಏನಾದ್ರೂ ತನ್ನಿ” ಎಂದಳು. ಅಲ್ಲಿಂದ ಮುಂದೆ ಅವರು ಅದನ್ನೇ ಹೇಳಿ ದಿನವೂ ಉಣ್ಣಿಸಿ, ಅವಳನ್ನು ಜೀವಂತ ಕರೆತಂದರು.

ಊರಿಗೆ ಬಂದ ಮೇಲೆ ಮಾವ ಬೇರೆ ಮನುಷ್ಯರಾದರು. ಮೋಡದ ದಿನ ತಾವೇ ಕೊಡೆ ಹಿಡಿದು ಮಹಡಿಯ ಮೇಲೆ ನಿಂತು, ಚೂರು ಬಿಸಿಲು ಕಂಡರೆ “ವೇದಾ, ಬಾರೇ, ಬಂದ ಬಂದ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಮನೆಗೆ ಯಾರೇ ಬರಲಿ, ಆ ಬೆಳಕಿನ ಕಥೆ ಹೇಳಿ, “ಸೂರ್ಯನೇ ಇಲ್ಲದ ಊರಲ್ಲಿ ಇವಳಿಗೆ ಸೂರ್ಯದರ್ಶನ ಮಾಡಿಸ್ಬಿಟ್ಟೆ” ಎಂದು ಮುಗಿಸುತ್ತಿದ್ದರು. ಅತ್ತೆ ಕಾಫಿ ಲೋಟ ಇಟ್ಟು ಒಳಗೆ ಹೋಗುತ್ತಿದ್ದಳು.

ಸುಂದರೇಶ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಂದು ಮಳೆಗಾಲ, ನಾನು ಅವಳ ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದೆ. ಬೆಳಿಗ್ಗೆ ಸೂರ್ಯ ಕಂಡಿದ್ದ, ಅತ್ತೆ ಕೈಮುಗಿದದ್ದನ್ನು ನಾನೇ ನೋಡಿದ್ದೆ. ಸಂಜೆಯಾಗುತ್ತಾ ಬಂದರೂ ಅವಳ ಎಲೆ ಗೋಡೆಗೆ ಒರಗಿಕೊಂಡೇ ಇತ್ತು.

“ಸೂರ್ಯನ್ನ ನೋಡಿ ಆಯ್ತಲ್ಲ ಅತ್ತೆ, ಇನ್ನೇನಕ್ಕೆ ಕಾಯ್ತಿದ್ದೀಯ?”

ಅತ್ತೆ ಹಜಾರದ ಕಡೆಯ ಬಾಗಿಲು ಮುಂದೆ ಮಾಡಿ ಬಂದಳು. “ಅಲ್ಲಿ ನಾನು ಉಂಡದ್ದು ಸೂರ್ಯನ್ನ ನೋಡಿ ಅಲ್ಲ ಕಣೇ ಶಾರದಾ. ಇವರ ಮುಖ ನೋಡಿ. ಅಷ್ಟು ದೊಡ್ಡ ಮನುಷ್ಯರು ನನ್ನ ಕಾಲ ಹತ್ತಿರ ಕೂತು ಮಗೂ ಥರ ಅತ್ರು. ನಾನೇನ್ ಮಾಡ್ಲಿ? ಆ ಬೆಳಕನ್ನ ಇವರು ನೋಡ್ಲೇ ಇಲ್ಲ, ನಾನು ಅಗೀತಿದ್ದದ್ದನ್ನೇ ನೋಡ್ತಾ ಕೂತಿದ್ರು.”

“ಅದೂ ಸೂರ್ಯನದೇ ಅಂದ್ರಲ್ಲ ಮಾವ.”

“ಇರಬಹುದು, ಓದಿದವರು. ಆದ್ರೆ ನಾನು ಮಾತು ಕೊಟ್ಟದ್ದು ಆ ಹಸಿರಿಗಲ್ವಲ್ಲ. ಮಾತು ಮುರಿದಾಯ್ತು. ಇನ್ನು ಬರೀ ಸೂರ್ಯನ್ನ ನಂಬಿ ಹ್ಯಾಗೆ ಕೂರಲಿ? ಹುಡುಗ ಮನೆಗೆ ಬಂದದ್ದು ಕಣ್ಣಾರೆ ಕಾಣೋ ತನಕ ತುತ್ತು ಇಳಿಯಲ್ಲ.”

ಅಲ್ಲಿಂದ ಬಂದಂದಿನಿಂದ ಅವಳು ಹಾಗೆಯೇ ನಡೆಸುತ್ತಿದ್ದಳು. ಭಾನುವಾರ ಮಗ ಮನೆಯಲ್ಲಿದ್ದರೆ ಮಾತ್ರ ಹೊತ್ತಿಗೆ ಸರಿಯಾಗಿ ಊಟ. ನನಗೆ ತಡೆಯಲಾಗದ ಸಿಟ್ಟು ಬಂತು. ಮಾವನ ಮೇಲೆ, ಅತ್ತೆಯ ಮೇಲೆ, ಆ ಸೂರ್ಯನ ಮೇಲೆ. ಮಾವನಿಗೆ ಈಗಲೇ ಹೇಳುತ್ತೇನೆ ಎಂದು ಎದ್ದೆ. ಅತ್ತೆ ನನ್ನ ಸೆರಗು ಹಿಡಿದುಕೊಂಡಳು.

“ಬೇಡ ಕಣೇ. ನನ್ನನ್ನ ಉಳಿಸಿದೆ ಅನ್ನೋ ಧೈರ್ಯ ಒಂದಿದೆ ಅವರಿಗೆ. ಅದೂ ಹೋಗೋದು ಬೇಡ.”

ಹೊರಗೆ ಮಳೆ ಜೋರಾಗಿತ್ತು. ಹಜಾರದಲ್ಲಿ ಮಾವ ಯಾರೋ ಹೊಸಬರಿಗೆ ಹಡಗಿನ ಕಥೆ ಶುರುಮಾಡಿದ್ದರು. ಎಂದಿನ ಹೊತ್ತು ಮೀರಿತ್ತು, ಸುಂದರೇಶನ ಸೈಕಲ್ಲಿನ ಸದ್ದಿಲ್ಲ. ಅತ್ತೆ ಕಿಟಕಿಯ ಸರಳು ಹಿಡಿದು ನಿಂತಳು. ನಾನೂ ನಿಂತೆ. ಮಾವನ ಕಥೆಯಲ್ಲಿ ಆಕಾಶ ಹಸಿರಾಯಿತು, ನೇರಳೆಯಾಯಿತು. ಕೊನೆಗೂ ಗೇಟಿನ ಹತ್ತಿರ ಬೆಲ್ಲು ಕೇಳಿತು. ಸುಂದರೇಶ ತೊಯ್ದು ತೊಪ್ಪೆಯಾಗಿ ಸೈಕಲ್ ತಳ್ಳಿಕೊಂಡು ಒಳಗೆ ಬಂದ. ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೈ ತೊಳೆದು, ಎಲೆ ಹಾಕಿಕೊಂಡು, ಆರಿದ ಅನ್ನ ಬಡಿಸಿಕೊಂಡಳು.

ಮೊದಲ ತುತ್ತು ಕಲಸುತ್ತಿದ್ದಾಗ ಮಾವ ಹಜಾರದಿಂದ ಕೂಗಿದರು. “ವೇದಾ, ಇವತ್ತು ಸೂರ್ಯ ಬೇಗ ಬಂದಿದ್ದನಲ್ಲ, ಊಟ ಆಯ್ತೇನೇ?”

“ಆಗ್ಲೇ ಆಯ್ತು” ಎಂದಳು ಅತ್ತೆ.